ರಾಡಿ ತೂಗಿದ ನಮ್ಮ ಮಾವನವರು

ಬನಹಟ್ಟಿಯ ಸಂತೆಯಲ್ಲಿ ಬದನೆಕಾಯಿಗಳನ್ನು ಒಂದೊಂದಾಗಿ ಟವೆಲ್ಲಿನಿಂದ ಒರೆಸಿ, ಆಮೇಲೆ ತಕ್ಕಡಿಗೆ ಹಾಕಿಸುವ ಒಬ್ಬ ಹಿರಿಯರನ್ನು ನೀವು ನೋಡಿದ್ದರೆ, ದಯವಿಟ್ಟು ಅವರಿಗೆ ತಲೆ ಕೆಟ್ಟಿದೆ ಎಂದು ಯಾರ ಮುಂದೆಯೂ ಹೇಳಬೇಡಿ. ಅವರು ನನ್ನ ಗಂಡನ ತಂದೆ. ಅವರ ತಲೆ ಕೆಟ್ಟಿದೆ ಎನ್ನುವ ಹಕ್ಕು ಮನೆಯವರಿಗೆ ಮಾತ್ರ ಉಂಟು. ಆ ಹಕ್ಕನ್ನು ನಾವು ದಿನಕ್ಕೆ ಎರಡು ಸಲವಾದರೂ ಚಲಾಯಿಸುತ್ತೇವೆ.

ಇವರು ಜಿಪುಣರು ಎಂದು ನೀವು ಅಂದುಕೊಂಡರೆ ಅದು ಶುದ್ಧ ತಪ್ಪು. ಯಾರದಾದರೂ ಮದುವೆಯಾದರೆ ನಮ್ಮ ಮಾವನವರು ಕೊಡುವ ಸೀರೆಯನ್ನು ನೋಡಿ ಬೀಗರೇ ಕಣ್ಣರಳಿಸುತ್ತಾರೆ. ಮನೆಗೆ ಬಂದವರು ಹೋಳಿಗೆ ತಿನ್ನದೆ ಹೊಸ್ತಿಲು ದಾಟುವಂತಿಲ್ಲ. ಅವರದು ಒಂದೇ ಒಂದು ವ್ರತ: ನೀರಿಗೆ ರೊಕ್ಕ ಕೊಡುವುದಿಲ್ಲ. ನಲ್ಲಿಯ ನೀರಿನ ಬಿಲ್ಲಲ್ಲ, ಅದನ್ನು ಎಲ್ಲರಿಗಿಂತ ಮೊದಲು ಕಟ್ಟುತ್ತಾರೆ. ತೂಕದ ಸಾಮಾನಿನಲ್ಲಿ ಸೇರಿಕೊಂಡು ಬರುತ್ತದಲ್ಲ, ಆ ನೀರು! ಹಸಿಮೆಣಸಿನಕಾಯಿಯ ಮೇಲೆ ಚಿಮುಕಿಸಿದ ನೀರು, ಶೇಂಗಾದ ಚೀಲಕ್ಕೆ ಹಿಡಿದ ಇಬ್ಬನಿಯ ನೀರು. ಇದೇ ಕಾರಣಕ್ಕೆ ನಮ್ಮ ಮನೆಗೆ ಇಂದಿನವರೆಗೆ ಒಂದು ಕಲ್ಲಂಗಡಿ ಹಣ್ಣು ಬಂದಿಲ್ಲ. ಬಿಸಿಲು ನೆತ್ತಿ ಸುಡುವ ಚೈತ್ರದಲ್ಲಿ ಊರೆಲ್ಲ ಕಲ್ಲಂಗಡಿ ತಿನ್ನುವಾಗ, ಅದನ್ನು ದೂರದಿಂದ ನೋಡಿ, ನೀರಿಗೆ ಹಸಿರು ಅಂಗಿ ತೊಡಿಸಿ ಮಾರುತ್ತಾರೆ ಎಂದು ಗೊಣಗುತ್ತ ಹೋಗುತ್ತಾರೆ. ಹಾಲಿನವರ ವಿಷಯವನ್ನಂತೂ ಕೇಳಲೇಬೇಡಿ. ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಎಷ್ಟು ಜನ ಹಾಲಿನವರು ಬದಲಾದರೋ, ಲೆಕ್ಕ ತಪ್ಪಿದೆ.

ಈ ವ್ರತ ಅವರಿಗೆ ಎಲ್ಲಿಂದ ಅಂಟಿಕೊಂಡಿತು? ನೂಲಿನಿಂದ. ನೇಕಾರರ ಊರಿನಲ್ಲಿ ನೂಲಿನ ಅಂಗಡಿಯ ತಕ್ಕಡಿಯ ಮುಂದೆ ಅವರು ಅರ್ಧ ಆಯುಷ್ಯ ಕಳೆದಿದ್ದಾರೆ. ಹತ್ತಿ ನೂಲು ಬಹಳ ಮಳ್ಳನಂತೆ ಕಾಣುವ ಕಳ್ಳ. ಸದ್ದಿಲ್ಲದೆ ಗಾಳಿಯಲ್ಲಿನ ತೇವವನ್ನೆಲ್ಲ ಕುಡಿದು ಮೈ ಬೆಳೆಸಿಕೊಳ್ಳುತ್ತದೆ. ಲಫಂಗ ವ್ಯಾಪಾರಿಗಳು ನೂಲಿನ ಗಂಟನ್ನು ಒದ್ದೆ ಗೋಣಿಚೀಲದ ಮೇಲಿಟ್ಟು, ಮರುದಿನ ನೇಕಾರನಿಗೆ ತೂಗಿ ಕೊಡುತ್ತಿದ್ದರಂತೆ. ನೇಕಾರ ಮನೆಗೆ ಹೋಗಿ ನೋಡಿದರೆ ನೂಲು ಕಡಿಮೆ, ಸೀರೆ ಗಿಡ್ಡ! ಮಾವನವರು ಮಾತ್ರ ಗಂಟನ್ನು ಎತ್ತಿ ಒಮ್ಮೆ ಗಲ್ಲಕ್ಕೆ ಒತ್ತಿಕೊಳ್ಳುತ್ತಿದ್ದರು. ಗಲ್ಲಕ್ಕೆ ತಣ್ಣಗೆ ಹತ್ತಿದರೆ ಮುಗಿಯಿತು, ಆ ಗಂಟು ವಾಪಸು. ಯಂತ್ರ ಸುಳ್ಳು ಹೇಳಬಹುದು, ಗಲ್ಲ ಹೇಳುವುದಿಲ್ಲ ಎನ್ನುವುದು ಅವರ ಸಿದ್ಧಾಂತ.

ಈ ಗಲ್ಲದ ಪರಿಚಯ ನನಗಾದದ್ದು ಮುಧೋಳದ ನಮ್ಮ ತವರುಮನೆಯಲ್ಲಿ, ನನ್ನನ್ನು ನೋಡಲು ಬಂದ ದಿನ. ಹುಡುಗಿ ಒಪ್ಪಿಗೆಯಾಯಿತು, ಹುಡುಗ ಒಪ್ಪಿಗೆಯಾಯಿತು, ಎಲ್ಲರೂ ಅವಲಕ್ಕಿ ತಿಂದು ಖುಷಿಯಲ್ಲಿದ್ದರು. ನಮ್ಮಪ್ಪ ಪ್ರೀತಿಯಿಂದ ಐದು ಕಿಲೋ ಹೊಸ ಬೆಲ್ಲದ ಪೆಂಟೆಯೊಂದನ್ನು ಬೀಗರ ಕೈಗಿಟ್ಟರು. ಮಾವನವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಮಗುವನ್ನು ಎತ್ತಿಕೊಂಡ ಹಾಗೆ ಗಲ್ಲಕ್ಕೆ ಒತ್ತಿಕೊಂಡರು. ನಮ್ಮವ್ವನಿಗೆ ಕಣ್ಣಲ್ಲಿ ನೀರು ಬಂತು, ಎಂಥ ಮಮತೆಯ ಮನುಷ್ಯರು ಎಂದು.

"ಪಾವು ಕಿಲೋ ನೀರು ಐತ್ರಿ ಬೀಗ್ರ" ಎಂದರು ಮಾವನವರು. "ನಿಮಗ ಯಾರೋ ಮೋಸ ಮಾಡ್ಯಾರ."

ನಮ್ಮಪ್ಪ ಆ ಬೆಲ್ಲವನ್ನು ಸ್ವಂತ ಗಾಣದಲ್ಲಿ ಮಾಡಿಸಿದ್ದರು! ನನ್ನ ಮದುವೆ ಹೇಗೆ ನಡೆಯಿತು ಎಂಬುದೇ ನನಗೆ ಇಂದಿಗೂ ಅಚ್ಚರಿ.

ಇಷ್ಟು ಹೇಳಿದ ಮೇಲೆ, ಇಂಥವರ ಕೈಗೆ ಸರಕಾರದ ಒಂದು ದೊಡ್ಡ ಕೆಲಸ ಸಿಕ್ಕಿಬಿದ್ದರೆ ಏನಾದೀತು ಎಂದು ನೀವೇ ಊಹಿಸಿ. ಆ ಕೆಲಸಕ್ಕೆ ಬರುತ್ತೇನೆ.

ನಮ್ಮ ಓಣಿಯ ಹಿಂದೆ ಒಂದು ದೊಡ್ಡ ತಗ್ಗು ಇತ್ತು. ನೂಲಿಗೆ ಬಣ್ಣ ಹಾಕುವ ಭಟ್ಟಿಗಳು ನಡೆಯುತ್ತಿದ್ದ ಕಾಲದಿಂದಲೂ, ಬಣ್ಣದ ನೀರು, ತಳದ ಗಸಿ, ಹಾಳಾದ ಪುಡಿ ಎಲ್ಲ ಬಂದು ಬೀಳುತ್ತಿದ್ದದ್ದು ಅಲ್ಲಿಯೇ. ಒಂದು ಪದರ ಕೆಂಪು, ಒಂದು ಪದರ ನೀಲಿ, ನಡುವೆ ಹೆಸರಿಲ್ಲದ ಇನ್ನೊಂದು ಬಣ್ಣ. ನಮ್ಮ ಓಣಿಯ ಬೀದಿನಾಯಿಗಳು ಅದರಲ್ಲಿ ಮಲಗಿ ಎದ್ದು ಬಂದರೆ, ಯಾವ ನಾಯಿ ಯಾವುದು ಎಂದು ಗುರುತು ಹಿಡಿಯುವುದೇ ಕಷ್ಟ. ನಾನು ಹೊಸ ಸೊಸೆಯಾಗಿದ್ದಾಗ ಗುಲಾಬಿ ಬಣ್ಣದ ನಾಯಿಯೊಂದು ಹಿತ್ತಲಿಗೆ ಬಂದು ಬಾಲ ಅಲ್ಲಾಡಿಸಿತ್ತು. ಬೋರಿನ ನೀರಿನಲ್ಲಿ ಅನ್ನ ಮಾಡಿದರೆ ಅದಕ್ಕೂ ಸಣ್ಣಗೆ ಒಂದು ರಂಗು. ಬಂದ ನೆಂಟರು ಏನೋ ವಿಶೇಷ ಮಾಡಿದ್ದೀರಿ ಎಂದು ಹೊಗಳಿ ಉಂಡರೆ ನಾವು ಸುಮ್ಮನಿರುತ್ತಿದ್ದೆವು.

ನಗುವುದಕ್ಕೆ ಇದೆಲ್ಲ ಚೆನ್ನಾಗಿದೆ. ಆದರೆ ತಗ್ಗಿನ ಆಚೆಯ ತುದಿಯಲ್ಲಿ ಒಂದು ಬಾವಿ ಇದೆ. ನಲ್ಲಿ ನೀರು ವಾರಕ್ಕೊಮ್ಮೆ ಬರುವ ಊರಿನಲ್ಲಿ ಪಾತ್ರೆ ಬಟ್ಟೆಗೆ ನಮ್ಮ ಓಣಿಯ ಹೆಂಗಸರೆಲ್ಲ ಆ ಬಾವಿಗೇ ಹೋಗುತ್ತಿದ್ದರು. ನೀರಡಿಕೆಯಾದರೆ ಅದನ್ನೇ ಕುಡಿದ ಕಾಲವೂ ಇತ್ತು. ನಮ್ಮತ್ತೆಯನ್ನೂ ಸೇರಿಸಿ ಆ ತಲೆಮಾರಿನ ಎಲ್ಲ ಹೆಂಗಸರ ಅಂಗೈಗಳು ಸುಲಿದು, ಒಡೆದು, ಉರಿಯುತ್ತಿದ್ದವು. ಬಣ್ಣದ ಭಟ್ಟಿಯವರು ಮಾಡಿದ ಅನಾಹುತ ಎಂದು ಎಲ್ಲರೂ ಶಪಿಸುತ್ತಿದ್ದರು. ನಮ್ಮ ಮಾವನವರು ಎಲ್ಲರಿಗಿಂತ ಗಟ್ಟಿಯಾಗಿ ಶಪಿಸುತ್ತಿದ್ದರು.

ಕಡೆಗೆ ಒಂದು ದಿನ ಸರಕಾರಕ್ಕೆ ಕನಿಕರ ಬಂತು. ತಗ್ಗಿನ ವಿಷದ ಮಣ್ಣನ್ನೆಲ್ಲ ಎತ್ತಿ, ಟಿಪ್ಪರುಗಳಲ್ಲಿ ದೂರದ ಊರಿಗೆ ಒಯ್ದು, ಇಂಥ ಕಸಕ್ಕೆಂದೇ ಕಟ್ಟಿದ ಭದ್ರವಾದ ಹೊಂಡದಲ್ಲಿ ಹೂಳುವ ಯೋಜನೆ ಮಂಜೂರಾಯಿತು. ಹೊರಗಿನ ಒಂದು ಕಂಪನಿಗೆ ಗುತ್ತಿಗೆ. ಓಣಿಯವರನ್ನೆಲ್ಲ ಕರೆದು ಸಭೆ ಮಾಡಿದರು. ಬಂದಿದ್ದ ಅಧಿಕಾರಿಗಳು ಎಲ್ಲವನ್ನೂ ವಿವರಿಸಿದರು: ಮಂಜೂರಾದ ಹಣ ಇಷ್ಟು, ಅದಕ್ಕಿಂತ ಒಂದು ಪೈಸೆ ಹೆಚ್ಚಿಗೆ ಸಿಗುವುದಿಲ್ಲ. ಕೆಲಸ ರಸ್ತೆಯ ಕಡೆಯಿಂದ ಆರಂಭವಾಗಿ ಬಾವಿಯ ಕಡೆ ಮುಗಿಯುತ್ತದೆ. ಎತ್ತಿದ ಮಣ್ಣಿನ ತೂಕದ ಮೇಲೆ ಗುತ್ತಿಗೆದಾರರಿಗೆ ಬಿಲ್ಲು. ಜನ ಧೂಳಿನ ಬಗ್ಗೆ ಕೇಳಿದರು, ಟಿಪ್ಪರಿನ ಸದ್ದಿನ ಬಗ್ಗೆ ಕೇಳಿದರು, ಖಾಲಿಯಾದ ಜಾಗದಲ್ಲಿ ಸಮುದಾಯ ಭವನ ಕಟ್ಟುತ್ತೀರೋ ಎಂದು ಕೇಳಿದರು. ಮಾವನವರು ಹಿಂದಿನ ಸಾಲಿನಿಂದ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರು.

"ಮಣ್ಣು ಹಸೀದು ತೂಗತೀರೋ, ಒಣಗಿದ್ದು ತೂಗತೀರೋ?"

ಸಭೆ ನಕ್ಕಿತು. ಮಣ್ಣು ಅಂದರೆ ಮಣ್ಣು, ಅದರಲ್ಲೇನು ಹಸಿ ಒಣ ಎಂದು ಅಧಿಕಾರಿಗಳೂ ನಕ್ಕರು. ಮಾವನವರು ನಗಲಿಲ್ಲ. ಮನೆಗೆ ಬಂದು, ತಟ್ಟೆಯಲ್ಲಿ ರೊಟ್ಟಿ ಇಟ್ಟರೂ ಮುಟ್ಟದೆ ಕುಳಿತರು. ಅವರ ಲೆಕ್ಕ ಇಷ್ಟೇ. ತಗ್ಗಿನ ರಾಡಿಯಲ್ಲಿ ಅರ್ಧಕ್ಕರ್ಧ ನೀರು. ನೀರನ್ನೂ ಮಣ್ಣಿನ ದರದಲ್ಲಿ ತೂಗಿ, ದೂರದ ಊರಿಗೆ ಸಾಗಿಸಿ, ಅಲ್ಲಿ ಹೂಳಲಿಕ್ಕೂ ದುಡ್ಡು ಕೊಟ್ಟರೆ, ತಗ್ಗಿನ ನಡುವೆಯೇ ಹಣ ಮುಗಿಯುತ್ತದೆ. ಬಾವಿಯ ಕಡೆಗೆ ಬರುವುದೇ ಇಲ್ಲ. ಉಳಿದದ್ದರ ಮೇಲೆ ನಾಲ್ಕು ಗಾಡಿ ಗರಸು ಸುರಿದು, ಮುಂದಿನ ಹಂತದಲ್ಲಿ ನೋಡೋಣ ಎನ್ನುತ್ತಾರೆ. ಮುಂದಿನ ಹಂತ ಎಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕೆ?

"ನಲವತ್ತು ವರ್ಸ ನೂಲು ತೂಗಿದ್ದು ಸಾಕಾಗಿಲ್ಲ" ಎಂದರು ಅತ್ತೆ, ರೊಟ್ಟಿಯ ತಟ್ಟೆಯನ್ನು ಅವರ ಕಡೆ ಸರಿಸುತ್ತ. "ಈಗ ರಾಡಿ ತೂಗಾಕ ಹೊಂಟಾರ."

ತಗ್ಗಿನ ಬಾಯಲ್ಲಿ ಗುತ್ತಿಗೆದಾರರು ಒಂದು ಕಾಟಾ ಹಾಕಿದರು. ಕಬ್ಬಿನ ಸೀಮೆಯ ನಮಗೆ ಕಾಟಾ ಎಂದರೆ ಏನೆಂದು ಗೊತ್ತು. ಲಾರಿಯನ್ನೇ ಹತ್ತಿಸಿ ತೂಗುವ ತಕ್ಕಡಿ. ಮರುದಿನದಿಂದ ಅದರ ಪಕ್ಕದ ಬೇವಿನ ಮರದ ಕೆಳಗೆ ಒಂದು ಕುರ್ಚಿ, ಕುರ್ಚಿಯ ಮೇಲೆ ನಮ್ಮ ಮಾವನವರು, ಅವರ ಹೆಗಲ ಮೇಲೆ ಬದನೆಕಾಯಿ ಒರೆಸುವ ಟವೆಲ್ಲು. ಟಿಪ್ಪರುಗಳು ರಾಡಿ ತುಂಬಿಕೊಂಡು, ಹಿಂದಿನ ಬಾಗಿಲಿನಿಂದ ತೊಟ್ಟಿಕ್ಕುತ್ತ ಬಂದು ಕಾಟಾದ ಮೇಲೆ ನಿಲ್ಲುತ್ತಿದ್ದವು. ಮೂರು ದಿನ ಸುಮ್ಮನೆ ನೋಡಿದರು. ನಾಲ್ಕನೆಯ ದಿನ ಮನೆಯಿಂದ ಬಟ್ಟೆ ನೆನೆಹಾಕುವ ಪ್ಲಾಸ್ಟಿಕ್ ಟಬ್ಬು ಮಾಯವಾಯಿತು.

ಜಮಖಂಡಿಯಲ್ಲಿ ಸಾಲೆಯ ಶಿಕ್ಷಕಿಯಾದ ನಾನು ಪಾಠದ ನಡುವೆ ಇದ್ದಾಗ ಫೋನು ಬಂತು. ಕೆಲಸದ ಉಸ್ತುವಾರಿಗೆ ಸರಕಾರದ ಕಡೆಯಿಂದ ಬಂದಿದ್ದ ಇಂಜಿನಿಯರ್ ಹುಡುಗಿಯದು. ಬೀಳಗಿ ಕಡೆಯವಳು, ವಯಸ್ಸು ಚಿಕ್ಕದು, ದನಿ ಮಾತ್ರ ಹೆಡ್‌ಮಾಸ್ತರರದು. ನಿಮ್ಮ ಮಾವನವರನ್ನು ಮನೆಗೆ ಕರೆದುಕೊಂಡು ಹೋಗಿ ಎಂದಳು. ನಾನು ಸಿಕ್ಕ ಬಸ್ಸು ಹತ್ತಿ ಓಡಿಬಂದೆ. ನೋಡಿದರೆ ಮಾವನವರು ಟಿಪ್ಪರಿನ ಕೆಳಗೆ ಟಬ್ಬು ಇಟ್ಟು, ಗಾಡಿ ತೂಕ ಮುಗಿಸಿ ಚೀಟಿ ತೆಗೆದುಕೊಳ್ಳುವಷ್ಟರಲ್ಲಿ ಸೋರಿದ ನೀರನ್ನೆಲ್ಲ ಹಿಡಿದು, ಆ ಟಬ್ಬನ್ನು ಹೊತ್ತು ತಂದು ಇಂಜಿನಿಯರ್ ಹುಡುಗಿಯ ಮೇಜಿನ ಮೇಲೆ ಇಟ್ಟಿದ್ದಾರೆ. ಮೇಜಿನ ಮೇಲಿನ ನಕ್ಷೆಗಳೆಲ್ಲ ನೇರಳೆ ಬಣ್ಣ!

"ಇದರ ಬಿಲ್ಲು ಯಾರ ಹೆಸರಿಗಿ ಹಚ್ಚೂಣ್ರಿ ಬಾಯಾರ?" ಎಂದು ಮಾವನವರು ಬಹಳ ವಿನಯದಿಂದ ಕೇಳುತ್ತಿದ್ದರು.

ಆ ಹುಡುಗಿ ಮೊದಲು ಮಾಡಿದ ಕೆಲಸ, ಅವರನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ ಮೂರು ಸಲ ಸೋಪು ಹಚ್ಚಿ ಕೈ ತೊಳೆಸಿದ್ದು. ವಿಷದ ನೀರನ್ನು ಬರಿಗೈಯಲ್ಲಿ ಹಿಡಿಯುತ್ತಾರೇನು ಅಜ್ಜಾ ಎಂದು ಚೆನ್ನಾಗಿ ಬೈದಳು. ಮಾವನವರು ಒಂದು ಸೋಪಿನ ಕೆಲಸಕ್ಕೆ ಮೂರು ಸೋಪು ದಂಡ ಎಂದು ಗೊಣಗಿದರು. ಆಮೇಲೆ ಅವಳು ಬಂದು ಆ ಟಬ್ಬನ್ನೇ ಬಹಳ ಹೊತ್ತು ನೋಡುತ್ತ ನಿಂತಳು. ನಂತರ ಟಿಪ್ಪರುಗಳನ್ನು ನಿಲ್ಲಿಸಿದಳು. ಗುತ್ತಿಗೆದಾರರ ಮನುಷ್ಯ ಬಂದು, ರಾಡಿ ಎಂದ ಮೇಲೆ ಹಸಿ ಇರುವುದೇ, ಒಣಗಿಸುತ್ತ ಕುಳಿತರೆ ಕೆಲಸ ಯಾವಾಗ ಮುಗಿಯಬೇಕು ಎಂದು ಕೂಗಾಡಿದ. ಸೋರುವ ಟಿಪ್ಪರನ್ನು ರಸ್ತೆಗೆ ಬಿಟ್ಟದ್ದಕ್ಕೆ ಮೊದಲು ಉತ್ತರ ಬರೆದುಕೊಡಿ ಎಂದಳು ಅವಳು. ಆ ಮನುಷ್ಯನ ದನಿ ಅರ್ಧಕ್ಕಿಳಿಯಿತು.

ಹೀಗೆ ತಗ್ಗಿನ ಪಕ್ಕದಲ್ಲೇ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಸುತ್ತ ಒಡ್ಡು ಕಟ್ಟಿ, ರಾಡಿ ಒಣಗಿಸುವ ಅಂಗಳವೊಂದು ಸಿದ್ಧವಾಯಿತು. ಇಳಿದ ನೀರು ಒಂದು ಟಾಕಿಗೆ ಹೋಗಿ ಅಲ್ಲೇ ಶುದ್ಧವಾಗುವ ಏರ್ಪಾಡು. ಅಂಗಳದಲ್ಲಿ ರಾಡಿಯನ್ನು ಹೇಗೆ ಹರಡಬೇಕು ಎಂದು ಹೇಳಿಕೊಟ್ಟವರು ಯಾರೆಂದುಕೊಂಡಿರಿ? ಹಿಂದಿನ ಕಾಲದಲ್ಲಿ ಕೈಮಗ್ಗದ ಉದ್ದನೆಯ ಹಾಸುನೂಲಿಗೆ ಗಂಜಿ ಹಾಕಿ, ಓಣಿಯ ಉದ್ದಕ್ಕೂ ಬಿಗಿದು ಒಣಗಿಸುತ್ತಿದ್ದರು. ಪೂರ್ತಿ ಹಸಿ ಇದ್ದರೆ ಎಳೆಗಳು ಅಂಟುತ್ತವೆ, ಪೂರ್ತಿ ಒಣಗಿದರೆ ಪಟಪಟ ಹರಿಯುತ್ತವೆ. ಅದಕ್ಕೊಂದು ಹದ ಇದೆ. ರಾಡಿಗೂ ಅದೇ ನ್ಯಾಯ ಎಂದರು ಮಾವನವರು. ಇಂಜಿನಿಯರ್ ಹುಡುಗಿಯೂ ಒಪ್ಪಿದಳು, ತೀರಾ ಒಣಗಿದರೆ ವಿಷದ ಧೂಳೆದ್ದು ಓಣಿಯವರ ಎದೆಗೆ ಹೋಗುತ್ತದೆ, ಅದು ಇನ್ನೂ ಕೆಟ್ಟದ್ದು ಎಂದಳು. ಹದ ತಿಳಿಯುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಮಾವನವರು ಮನೆಗೆ ಬಂದು ಅತ್ತೆಯನ್ನು ಕೇಳಿದರು, ಜೋಳದ ಹಿಟ್ಟು ಹದಕ್ಕೆ ಬಂದದ್ದು ನಿನಗೆ ಹೇಗೆ ಗೊತ್ತಾಗುತ್ತದೆ ಎಂದು. ಇಷ್ಟು ವರ್ಷ ರೊಟ್ಟಿ ತಿಂದು ಈಗ ಕೇಳುತ್ತಿದ್ದೀರಲ್ಲ ಎಂದು ಅತ್ತೆ ಬೈದರು. ಬೈದು, ಹಿಟ್ಟಿನ ಉಂಡೆಯನ್ನು ಮುಷ್ಟಿಯಲ್ಲಿ ಹಿಡಿದು ತೋರಿಸಿದರು. ಬೆರಳ ಸಂದಿಯಿಂದ ಜಿನುಗಬಾರದು, ಕೈ ಬಿಚ್ಚಿದರೆ ಬಿರಿಯಬಾರದು. ಕೈಗವಸು ಹಾಕಿಕೊಂಡು ಅದೇ ಪರೀಕ್ಷೆ ಮಾಡುವುದೆಂದು ತಗ್ಗಿನಲ್ಲಿ ನಿಯಮವಾಯಿತು. ನಮ್ಮತ್ತೆಯ ರೊಟ್ಟಿಯ ಹದಕ್ಕೆ ಸರಕಾರದ ಮನ್ನಣೆ!

ಅಂಗಳದೊಳಗೆ ಕಾಲಿಡಬೇಕಾದರೆ ಮೈತುಂಬ ಬಿಳಿ ಉಡುಪು ಹಾಕಿಕೊಳ್ಳಲೇಬೇಕು ಎಂದು ಇಂಜಿನಿಯರ್ ಹುಡುಗಿ ಹಟ ಹಿಡಿದಳು. ಧೋತರದ ಮೇಲೆಯೇ ಅದನ್ನು ಏರಿಸಿ, ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಮಾವನವರು ಓಣಿಯಲ್ಲಿ ಬಂದಾಗ, ಮೂಲೆಮನೆಯ ಮುದುಕಿ ಕೊರೊನಾ ಮತ್ತೆ ಬಂತೇ ಎಂದು ಬಾಗಿಲು ಹಾಕಿಕೊಂಡಳು. ಅತ್ತೆ ಮಾತ್ರ ಕಟ್ಟೆಯ ಮೇಲೆ ಕುಳಿತು ಮೇಲಿನಿಂದ ಕೆಳಗಿನವರೆಗೆ ನೋಡಿ, "ಮದವ್ಯಾಗೂ ಇಷ್ಟು ಚಂದ ಕಂಡಿರಲಿಲ್ಲ ನೋಡ್ರಿ" ಎಂದರು.

ಮೂರು ಟಿಪ್ಪರಿನ ಕೆಲಸ ಎರಡರಲ್ಲಿ ಆಗತೊಡಗಿತು. ಹಣ ಉಳಿಯುತ್ತ ಹೋಯಿತು, ಕೆಲಸ ಬಾವಿಯ ಕಡೆ ಸರಿಯುತ್ತ ಬಂತು. ಇಷ್ಟಾದರೆ ಸಾಕಿತ್ತು. ಆದರೆ ಮನುಷ್ಯನಿಗೆ ಒಮ್ಮೆ ಶಾಣ್ಯಾ ಎನ್ನಿಸಿಕೊಂಡರೆ ಇನ್ನೊಮ್ಮೆ ಎನ್ನಿಸಿಕೊಳ್ಳುವ ಆಸೆ ಹುಟ್ಟುತ್ತದೆ, ನೋಡಿ. ಮಾವನವರು ಮಣ್ಣನ್ನು ಬಣ್ಣ ನೋಡಿ ಬೇರ್ಪಡಿಸಲು ಶುರು ಮಾಡಿದರು. ಕೆಂಪು ನೀಲಿ ಇದ್ದದ್ದನ್ನು ಒಯ್ಯಿರಿ, ಬಣ್ಣವಿಲ್ಲದ ಒಳ್ಳೆಯ ಮಣ್ಣನ್ನು ಇಲ್ಲೇ ಬಿಡಿ, ಒಳ್ಳೆಯ ಮಣ್ಣಿಗೂ ವಿಷದ ಬಾಡಿಗೆ ಯಾಕೆ ಕೊಡುತ್ತೀರಿ ಎಂದರು. ಇದೂ ಸರಿಯೇ. ಇಂಜಿನಿಯರ್ ಹುಡುಗಿ ಪ್ರತಿಯೊಂದನ್ನು ಪರೀಕ್ಷೆಗೆ ಕಳಿಸಿದಳು, ಪ್ರತಿ ಸಲವೂ ಅವರು ಹೇಳಿದ್ದೇ ನಿಜವಾಯಿತು. ಮಾವನವರು ನಡೆಯುವ ಠೀವಿಯೇ ಬದಲಾಯಿತು. ಸಂತೆಯಲ್ಲಿ ಬದನೆಕಾಯಿಯವಳೂ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದಳಂತೆ. ಅದನ್ನು ನಾನು ನಂಬುವುದಿಲ್ಲ.

ಬಾವಿಯ ಹತ್ತಿರ ಬಂದಾಗ ಮಣ್ಣು ಬೆಳ್ಳಗೆ ಕಂಡಿತು. ಸುಣ್ಣ ಬಳಿದಂತೆ ಸ್ವಚ್ಛ. ಇದನ್ನು ಮುಟ್ಟುವುದು ಬೇಡ, ಬಿಟ್ಟು ಮುಂದೆ ಹೋಗಿ ಎಂದರು ಮಾವನವರು. ಇಲ್ಲಿ ಅವರ ಹಿಂದಿನ ಒಂದು ಸಂಗತಿ ಹೇಳಬೇಕು. ತಕ್ಕಡಿಯ ಮುಂದೆ ಕೂಡುವ ಮೊದಲು, ಮಕ್ಕಳು ಸಣ್ಣವರಿದ್ದಾಗ, ಕೆಲವು ವರ್ಷ ಅವರದೂ ಒಂದು ಸಣ್ಣ ಭಟ್ಟಿ ಇತ್ತು. ಬಣ್ಣದ್ದಲ್ಲ. ಬಣ್ಣ ಹಾಕುವುದಕ್ಕೆ ಮುಂಚೆ ನೂಲನ್ನು ಬ್ಲೀಚಿಂಗ್ ಪುಡಿ, ಕಾಸ್ಟಿಕ್ ಹಾಕಿ ಕುದಿಸಿ ಬೆಳ್ಳಗೆ ಮಾಡುವ ಭಟ್ಟಿ, ಓಣಿಗೆಲ್ಲ ಅದೊಂದೇ. ತಮ್ಮದು ಬಿಳಿ ಧಂದೆ ಎಂದು ಅವರಿಗೆ ಯಾವಾಗಲೂ ಹೆಮ್ಮೆ. ಊರು ಹೊಲಸು ಮಾಡಿದವರು ಬಣ್ಣದವರು, ನಾವು ಹೊಲಸು ತೆಗೆಯುವವರು ಎಂದು ಮಕ್ಕಳಿಗೂ ಹೇಳಿ ಬೆಳೆಸಿದ್ದರು. ಹಾಗಾಗಿ ಆ ಬೆಳ್ಳನೆಯ ಮಣ್ಣಿನ ಬಗ್ಗೆ ಅವರಿಗೆ ಸಂಶಯವೇ ಇರಲಿಲ್ಲ.

ಇಂಜಿನಿಯರ್ ಹುಡುಗಿ ಇದಕ್ಕೂ ಪರೀಕ್ಷೆಯಾಗಲಿ ಎಂದಳು. ಮಾವನವರಿಗೆ ಸಿಟ್ಟು ಬಂತು. ಪ್ರತಿಯೊಂದು ಪರೀಕ್ಷೆಗೂ ದುಡ್ಡು ಬೀಳುತ್ತದೆ, ಕಣ್ಣಿಗೆ ಕಾಣುವುದಕ್ಕೆ ಪರೀಕ್ಷೆ ಯಾಕೆ ಎಂದು ಎರಡು ದಿನ ವಾದ ಮಾಡಿದರು. ಅವಳು ಕೇಳಲಿಲ್ಲ. ಮಣ್ಣಿನ ಚೀಲಗಳು ಪರೀಕ್ಷೆಗೆ ಹೋದವು. ಮಾವನವರು ಮನೆಯಲ್ಲಿ ಮುಖ ಊದಿಸಿಕೊಂಡು ಕುಳಿತರು.

ವರದಿ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಸಿಟ್ಟು ಇಳಿದು ಮತ್ತೆ ಬೇವಿನ ಮರದ ಕೆಳಗೆ ಕೂಡತೊಡಗಿದ್ದ ಮಾವನವರಿಗೆ ನಾನು ನಾಷ್ಟಾ ಒಯ್ದಿದ್ದೆ. ಇಂಜಿನಿಯರ್ ಹುಡುಗಿ ಕಾಗದ ಓದಿ, ಅವರನ್ನು ಕುರ್ಚಿಯಲ್ಲಿ ಕೂರಿಸಿ, ಮೆಲ್ಲಗೆ ಹೇಳಿದಳು. ಇಡೀ ತಗ್ಗಿನಲ್ಲಿ ಎಲ್ಲಕ್ಕಿಂತ ಆಳಕ್ಕೆ ಇಳಿದದ್ದು ಈ ಬಿಳಿಯದು. ಬಣ್ಣದ ಗಸಿ ಬಹಳಷ್ಟು ಮೇಲೆಯೇ ನಿಂತಿದೆ. ಇದು ನೀರಿನ ಜೊತೆ ಕರಗಿ, ಯಾರ ಕಣ್ಣಿಗೂ ಬೀಳದೆ, ನೇರ ಬಾವಿಗೆ ಹೋಗಿದೆ. ಕೈ ಸುಲಿಯುವುದು, ಉರಿಯುವುದು ಎಲ್ಲ ಇದರಿಂದಲೇ ಇರಬೇಕು.

ಇನ್ನೊಮ್ಮೆ ಓದಿ ಎಂದರು ಮಾವನವರು. ಅವಳು ಇನ್ನೊಮ್ಮೆ ಓದಿದಳು. ಅವರ ಮುಖ ನೋಡಿ ನನಗೆ ಭಯವಾಯಿತು. ಅವಳು ಅವರನ್ನು ಸಮಾಧಾನ ಮಾಡಲು ನೋಡಿದಳು.

"ನೀವು ಉಳಿಸಿದ ರೊಕ್ಕದಾಗ ಇದನ್ನ ಪೂರಾ ತಗೀಬಹುದ್ರಿ ಅಜ್ಜಾರ. ನೀವು ಒಣಗಸ್ರಿ ಅನ್ನದಿದ್ರ ನಾವು ಇಲ್ಲಿ ತನಕ ಬರ್ತಿರಲಿಲ್ಲ."

"ನನ್ನ ಮಾತು ಕೇಳಿದ್ರ ಇದನ್ನ ಬಿಟ್ಟು ಹೋಗ್ತಿದ್ರಿ" ಎಂದರು ಮಾವನವರು. ತಗ್ಗಿನ ಕಡೆ ಕೈ ತೋರಿಸಿ, "ಆ ಬಿಳೀದು ನಂದು ಬಾಯಾರ. ನನ್ನ ಭಟ್ಟೀದು. ನಾನ ಸುರದೀನಿ" ಎಂದರು.

ಅವಳು ಫೈಲು ಮುಚ್ಚಿದಳು. "ಇದರಾಗ ಯಾರ ಹೆಸರೂ ಬರೆಯೂದಿಲ್ರಿ. ಯಾರೂ ಕೇಳೂದೂ ಇಲ್ಲ."

"ಕಾಗದ ಆ ನೀರು ಕುಡದಿಲ್ರಿ" ಎಂದರು ಅವರು. "ಓಣ್ಯಾಗಿನವ್ರು ಕುಡದಾರ."

ನಾಷ್ಟಾದ ಡಬ್ಬಿಯನ್ನು ನನ್ನ ಕೈಗೆ ವಾಪಸು ಕೊಟ್ಟು ಎದ್ದರು. ಮನೆಗೆ ಹೊರಟರೆಂದು ನಾನು ಹಿಂದೆ ನಡೆದೆ. ಅವರು ಓಣಿಯ ಮೊದಲನೆಯ ಮನೆಯ ಮುಂದೆ ನಿಂತು, ಚಪ್ಪಲಿ ಬಿಟ್ಟು, ಹೆಂಗಸರನ್ನು ಹೊರಗೆ ಕರೆದರು. ಬಾವಿಯ ನೀರು ಕೆಡಿಸಿದ್ದು ಬಣ್ಣದವರಲ್ಲ, ನನ್ನ ಭಟ್ಟಿಯ ಬಿಳಿ ನೀರು, ಇಷ್ಟು ವರ್ಷ ಇನ್ನೊಬ್ಬರನ್ನು ಬೈದೆ, ತಪ್ಪಾಯಿತು ಎಂದರು. ಅಷ್ಟೇ. ಆ ಮನೆಯವರು ಕೂತು ಚಹಾ ಕುಡಿಯಿರಿ ಎನ್ನುವಷ್ಟರಲ್ಲಿ ಚಪ್ಪಲಿ ಮೆಟ್ಟಿ ಮುಂದಿನ ಮನೆಗೆ ಹೋದರು. ಎರಡನೆಯ ಮನೆಯವರು ಯಾವುದೋ ಕಾರ್ಯಕ್ಕೆ ಕರೆಯಲು ಬಂದಿದ್ದಾರೆಂದು ಕುಂಕುಮದ ಬಟ್ಟಲು ಹಿಡಿದು ಬಂದರು. ಒಬ್ಬರು ಹೋಗಲಿ ಬಿಡ್ರಿ ಎಂದರು. ಇನ್ನೊಬ್ಬರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಐದನೆಯ ಮನೆಯ ನೇಕಾರರ ಮುದುಕಿ ತನ್ನ ಎರಡೂ ಅಂಗೈಗಳನ್ನು ಅವರ ಮುಖದ ಮುಂದೆ ಹಿಡಿದು, ಹಣೆಯ ಬೆವರು ಇಳಿಯುವಂತೆ ಬೈದಳು. ಆ ಕೈಯಿಂದ ಮಗ್ಗದ ಲಾಳಿ ಹಿಡಿಯಲಾಗದೆ ಅವಳು ನೇಯುವುದನ್ನೇ ಬಿಟ್ಟಿದ್ದಳು. ಮಾವನವರು ಅವಳ ಬೈಗುಳ ಮುಗಿಯುವವರೆಗೆ ತಲೆ ಬಾಗಿಸಿ ನಿಂತು, "ಇನ್ನೂ ಐತೇನವಾ?" ಎಂದು ಕೇಳಿದರು. ಅವಳಿಗೆ ಅಳು ಬಂತು.

ಮನೆಗೆ ಕರೆದುಕೊಂಡು ಹೋಗುತ್ತೇನೆ ಬನ್ನಿರಿ ಎಂದು ನಾನು ಎರಡು ಸಲ ಕೈ ಹಿಡಿದೆ. ಬಿಡಿಸಿಕೊಂಡರು. ಓಣಿಯ ಒಂದು ಮನೆಯನ್ನೂ ಬಿಡಲಿಲ್ಲ. ಇಷ್ಟು ವರ್ಷ ಈ ಮನುಷ್ಯರನ್ನು ಲೇವಡಿ ಮಾಡಿದ ನಾನು ಅಂದು ಡಬ್ಬಿ ಹಿಡಿದು ಮನೆಯಿಂದ ಮನೆಗೆ ಅವರ ಹಿಂದೆ ನಡೆದೆ.

ಕಡೆಯದು ನಮ್ಮ ಮನೆ. ಅಲ್ಲಿಯೂ ಚಪ್ಪಲಿ ಬಿಟ್ಟು, ಪರರ ಮನೆಗೆ ಬಂದವರಂತೆ ಹೊಸ್ತಿಲ ಹೊರಗೆ ನಿಂತರು. ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಅದೇ ಮಾತನ್ನು ಮಾವನವರು ಅವರಿಗೂ ಹೇಳಿದರು. ಮೊದಲನೆಯ ಮನೆಯಲ್ಲಿ ಹೇಳಿದಷ್ಟು ನೆಟ್ಟಗೆ ಹೇಳಲಾಗಲಿಲ್ಲ.

ಅತ್ತೆಯ ಕೈ ನಿಲ್ಲಲಿಲ್ಲ. "ನೀರು ಸೇದಾಕಿ ನಾನು. ಕೊಡದ ತಳದಾಗ ಬೆಳ್ಳಗ ಕೂಡತಿತ್ತು. ನನಗ ಆಗ ಗೊತ್ತಿತ್ತು."

"ಹೇಳಲಿಲ್ಲ ಯಾಕ?"

"ಹೇಳಿದ್ರ ನೀವು ಅವತ್ತ ಭಟ್ಟಿ ಮುಚ್ಚತಿದ್ರಿ. ಮೂರು ಹುಡುಗರಿಗಿ ಏನು ಹಾಕಲಿ?"

ಮಾವನವರು ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಅತ್ತರು. ಬೆಲ್ಲಕ್ಕೂ ಬದನೆಕಾಯಿಗೂ ಜಗಳ ಮಾಡಿದ ಆ ದೊಡ್ಡ ದನಿ ಎಲ್ಲಿ ಹೋಯಿತೋ ತಿಳಿಯದು. ಹೇಳಿದ ದಿನವೇ ಇವರು ಭಟ್ಟಿ ಮುಚ್ಚುತ್ತಾರೆಂದು ಅತ್ತೆ ನಂಬಿದ್ದರಲ್ಲ, ಒಡೆದ ಕೈಯಲ್ಲಿ ಆ ನಂಬಿಕೆಯನ್ನು ಮುಚ್ಚಿಟ್ಟುಕೊಂಡು ಇಷ್ಟು ವರ್ಷ ರೊಟ್ಟಿ ಬಡಿದರಲ್ಲ ಎಂದು ನನಗೂ ಅಳು ತಡೆಯಲಿಲ್ಲ.

ಅತ್ತೆ ಎದ್ದರು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳದೆಯೇ ಬಂದು ಅವರ ಕೈ ಹಿಡಿದರು. ಸೊಸೆಯ ಎದುರಿಗೆ ಅವರು ಗಂಡನ ಕೈ ಹಿಡಿದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ಒಳಗ ಬರ್ರಿ" ಎಂದು ಹೇಳಿ, ಅವರನ್ನು ಹೊಸ್ತಿಲು ದಾಟಿಸಿ, ಒಲೆಯ ಪಕ್ಕದಲ್ಲಿ ತಾವು ಕೂಡುವ ಮಣೆಯ ಮೇಲೆ ಕೂರಿಸಿದರು.